ಮೂರನೆಯ ಗುಂಡಿ

ಏಳು ಸಮುದ್ರದಾಚೆ ಅಲ್ಲ, ಏಳು ಬೆಟ್ಟದಾಚೆಯೂ ಅಲ್ಲ; ಬಸ್ ನಿಲ್ದಾಣದಿಂದ ಏಳು ನಿಮಿಷ ನಡೆದರೆ ಸಿಗುವ ಒಂದು ಹಳೆಯ ಗೋದಾಮಿನ ಮೇಲಂತಸ್ತಿನಲ್ಲಿ ಒಬ್ಬ ಹುಡುಗಿ ಇದ್ದಳು. ಆ ರಾಜ್ಯದ ದೊರೆ ಪ್ರತಿ ಶುಕ್ರವಾರ ಸಂಜೆ ಪ್ರಜೆಗಳಿಗೆ ಒಂದು ಕೊಲೆ ತೋರಿಸುತ್ತಿದ್ದ. ಶನಿವಾರ, ಭಾನುವಾರ ಪ್ರಜೆಗಳು ಆ ಕೊಲೆಯ ಬಗ್ಗೆ ಏನೇನು ಅಂದರೋ ಅದನ್ನೆಲ್ಲ ಕೇಳಿ, ಒಂದೇ ಹಾಳೆಗೆ ಇಳಿಸಿ, ಸೋಮವಾರ ಹನ್ನೆರಡು ಗಂಟೆಯೊಳಗೆ ದೊರೆಯ ಸಹಿ ಮಾಡಿಸಿ ಕೆಳಗಿನ ಫಲಕಕ್ಕೆ ಚುಚ್ಚಬೇಕು. ಒಳ್ಳೆಯ ಮಾತು ಸೇರಿಸಕೂಡದು, ಕೆಟ್ಟ ಮಾತು ಬಿಡಕೂಡದು. ಹುಡುಗಿ ಆಗಲಿ ಎಂದು ಮಾತು ಕೊಟ್ಟಳು.

ಹೀಗೆ ಹೇಳಿದ ಮೇಲೆಯೇ ನನ್ನ ಅಜ್ಜಿಗೆ ನನ್ನ ಕೆಲಸ ಏನೆಂದು ಅರ್ಥವಾದದ್ದು. ದೊರೆ ಎಂದರೆ ನಮ್ಮ ನಿರ್ದೇಶಕರು. ಕೊಲೆ ಎಂದರೆ ಟೀವಿಯ ಪತ್ತೇದಾರಿ ಧಾರಾವಾಹಿಯ ಒಂದು ಕಂತು. ಹುಡುಗಿ ನಾನು.

"ಕೆಲಸ ಸರಿಯಾಗಿ ಮಾಡಿದ್ರೆ ಅರ್ಧ ರಾಜ್ಯ ಕೊಡ್ತಾನಾ?" ಎಂದು ಅಜ್ಜಿ ಕೇಳಿದಳು.

"ಸಂಬಳ ಕೊಡ್ತಾರೆ, ಅಜ್ಜಿ."

"ಹಾಗಾದ್ರೆ ಚಿಲ್ಲರೆ ದೊರೆ," ಎಂದು ಅಜ್ಜಿ ತೀರ್ಪು ಕೊಟ್ಟಳು.

ಗೋದಾಮಿನ ಕೆಳಗಡೆ ಪ್ಲೈವುಡ್ಡಿನ ಪೊಲೀಸ್ ಠಾಣೆ ಇದೆ. ಅದರ ಬೆನ್ನಿಗೆ ಅಂಟಿಕೊಂಡೇ ಶ್ರೀಮಂತರ ಮನೆಯ ಹಜಾರ. ಠಾಣೆಯ ಹಿಂಬಾಗಿಲು ತೆರೆದರೆ ಸೀದಾ ಶ್ರೀಮಂತರ ಸೋಫಾ. ಮೇಲೆ ಮೂರು ಕೋಣೆ: ಒಂದು ನಿರ್ದೇಶಕರದು, ಒಂದು ಎಡಿಟಿಂಗಿನದು, ಮೂರನೆಯದು ಬಟ್ಟೆಗಳದು. ಬಟ್ಟೆ ಕೋಣೆಯ ಮೂಲೆಯಲ್ಲಿ ಒಂದು ಪರದೆ ಎಳೆದು ನನಗೆ ಮೇಜು ಹಾಕಿಕೊಟ್ಟಿದ್ದಾರೆ. ಪರದೆಯ ಆಚೆ ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ಸಾಲು ಸಾಲು ಹ್ಯಾಂಗರು, ಅವುಗಳ ನಡುವೆ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ ನನ್ನ ಚಿಕ್ಕಮ್ಮ.

ಚಿಕ್ಕಮ್ಮ ಹತ್ತೊಂಬತ್ತು ವರ್ಷದಿಂದ ಆ ಕೋಣೆಯ ಯಜಮಾನಿ. ಮನೆಯಲ್ಲಿ ಅಜ್ಜಿ, ಅವಳು, ನಾನು, ಮೂರೇ ಜನ. ಅಜ್ಜಿ ನನ್ನನ್ನು ಕಥೆ ಹೇಳಿ ಬೆಳೆಸಿದಳು, ಚಿಕ್ಕಮ್ಮ ಬಟ್ಟೆ ಹೊಲಿದು ಬೆಳೆಸಿದಳು. ಅವಳ ಒಂದೇ ದೌರ್ಬಲ್ಯವೆಂದರೆ ಹರಿದದ್ದನ್ನು ನೋಡಿ ಸುಮ್ಮನಿರಲು ಆಗದು. ಬಸ್ಸಿನಲ್ಲಿ ಮುಂದೆ ನಿಂತವರ ಅಂಗಿಯಿಂದ ದಾರ ಜೋತಾಡುತ್ತಿದ್ದರೆ ಅವಳ ಬೆರಳು ಚಡಪಡಿಸುತ್ತದೆ. ಒಮ್ಮೆ ಗುರುತು ಪರಿಚಯವಿಲ್ಲದ ಒಬ್ಬರ ಕಾಲರನ್ನು, ಅವರು ಬೇಡ ಬೇಡ ಎನ್ನುತ್ತಿದ್ದರೂ, ನಿಂತಲ್ಲೇ ಹೊಲಿದುಕೊಟ್ಟಳು. ಪಾಪ, ಅವರು ಇಳಿಯಬೇಕಾದ ನಿಲ್ದಾಣ ತಪ್ಪಿಹೋಯಿತು.

ಬಸ್ಸಿನಲ್ಲಿ ಇದು ಉಪಕಾರ. ಕೊಲೆಯ ಕಥೆ ತೆಗೆಯುವ ಜಾಗದಲ್ಲಿ ಅಲ್ಲ. ಹೋದ ವರ್ಷ ಒಂದು ಕಂತಿಗೆ, ಸತ್ತವನ ಬಿಳಿ ಅಂಗಿಯ ಮೇಲೆ ಮೇಕಪ್ಪಿನವರು ಎರಡು ಗಂಟೆ ಕೂತು ರಕ್ತದ ಕಲೆ ಬರೆದಿದ್ದರು. ಊಟದ ಬಿಡುವಿನಲ್ಲಿ ಚಿಕ್ಕಮ್ಮ ಅದನ್ನು ತೊಳೆದು, ಹಿಂಡಿ, ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿಟ್ಟಳು. ಸತ್ತವನು ಮದುವೆಗೆ ಹೊರಟವನ ಹಾಗೆ ಕಂಡ. ಅಂದಿನ ಕೆಲಸ ನಿಂತುಹೋಯಿತು. ನಿರ್ದೇಶಕರು ಕೂಗಾಡುವವರಲ್ಲ. "ಅಮ್ಮ, ಇದು ಒಂದನೇ ಸಲ. ಎರಡನೇ ಸಲ ಆದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ" ಎಂದಷ್ಟೇ ಹೇಳಿ ಹೋದರು. ಮೆಲ್ಲಗೆ ಹೇಳಿದ್ದರಿಂದಲೇ ಆ ಮಾತು ನಮ್ಮ ಮನೆಯಲ್ಲಿ ಕೂತುಬಿಟ್ಟಿತು.

ಈಗ ಆ ಶುಕ್ರವಾರದ ಕಂತಿಗೆ ಬರುತ್ತೇನೆ. ಗಡಿಯಾರ ರಿಪೇರಿ ಮಾಡುವವನೊಬ್ಬ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಾನೆ. ಮೈಮೇಲೆ ಬೂದು ಬಣ್ಣದ ಕೋಟು. ಐದು ಗುಂಡಿಗಳಲ್ಲಿ ಮೂರನೆಯದು ಕಿತ್ತುಹೋಗಿದೆ. ಊರೆಲ್ಲ ಕಾಲು ಜಾರಿದ ಎನ್ನುತ್ತದೆ. ಪತ್ತೇದಾರ ಮಾತ್ರ ಆ ಗುಂಡಿಯ ಹಿಂದೆ ಬೀಳುತ್ತಾನೆ. ಕೊನೆಗೆ ಠಾಣೆಯಲ್ಲಿ ಎಲ್ಲರ ಮುಂದೆ ಕೋಟು ಎತ್ತಿ ಹಿಡಿದು, "ಇಲ್ಲಿರಬೇಕಾದ ಮೂರನೇ ಗುಂಡಿ ನಿಮ್ಮ ಚೀಲದಲ್ಲಿ ಹೇಗೆ ಬಂತು?" ಎಂದು ಅಂಗಡಿಯ ಪಾಲುದಾರನನ್ನು ಕೇಳುತ್ತಾನೆ. ಪಾಲುದಾರ ತಲೆ ತಗ್ಗಿಸುತ್ತಾನೆ.

ನಾವು ಮೂವರೂ ಮನೆಯಲ್ಲಿ ಕೂತು ನೋಡಿದೆವು. ಅಜ್ಜಿ ಎಂದಿನಂತೆ ಪತ್ತೇದಾರನ ಮೇಲೆ ಸಿಟ್ಟಾಗಿದ್ದಳು. "ಇಷ್ಟು ವಾರದಿಂದ ನೋಡ್ತಿದೀನಿ, ಇವನು ಒಂದು ತುತ್ತು ಉಂಡಿದ್ದು ಕಾಣೆ. ಖಾಲಿ ಹೊಟ್ಟೇಲಿ ಯಾವ ಬುದ್ಧಿ ಓಡುತ್ತೆ?" ನಾನು ಗಡಿಯಾರದ ಅಂಗಡಿಯೊಳಗೇ ಉಳಿದುಬಿಟ್ಟಿದ್ದೆ, ಅಷ್ಟೊಂದು ಗಡಿಯಾರಗಳಿಗೆ ಯಜಮಾನ ಸತ್ತದ್ದು ಯಾರು ಹೇಳುತ್ತಾರೆ ಎಂದು ಯೋಚಿಸುತ್ತಿದ್ದೆ. ಚಿಕ್ಕಮ್ಮ ಕೊನೆಯ ದೃಶ್ಯ ನೋಡಿ, "ಕೋಟು ಎಷ್ಟು ಲಕ್ಷಣವಾಗಿ ಕಾಣ್ತಿದೆ ನೋಡು" ಎಂದಳು.

ಲಕ್ಷಣವಾಗಿ ಏಕೆ ಕಂಡಿತು ಎನ್ನುವುದು ಶನಿವಾರ ಬೆಳಿಗ್ಗೆ ಗೊತ್ತಾಯಿತು.

ಅಭಿಪ್ರಾಯಗಳು ನಾಲ್ಕು ದಾರಿಯಲ್ಲಿ ಬರುತ್ತವೆ: ಅಂಚೆಯಲ್ಲಿ, ಫೋನಿನ ಸಂದೇಶವಾಗಿ, ರೆಕಾರ್ಡಾದ ದನಿಯಾಗಿ, ಮತ್ತು ಗೇಟಿನ ಬಳಿ ತೂಗುಹಾಕಿದ ತಗಡಿನ ಡಬ್ಬಿಯಲ್ಲಿ. ನಾನು ಡಬ್ಬಿಯಿಂದ ಶುರು ಮಾಡಿದೆ. ಮೊದಲನೆಯದು ನಿವೃತ್ತ ಹೆಡ್‌ಮಾಸ್ತರರೊಬ್ಬರದು. "ಪತ್ತೇದಾರರು ಮೂರನೆಯ ಗುಂಡಿ ಇಲ್ಲ ಎಂದಾಗ ಕೋಟಿನಲ್ಲಿ ಐದು ಗುಂಡಿಗಳೂ ಇದ್ದವು. ನಾನು ಎಣಿಸಿದೆ. ನನ್ನ ಹೆಂಡತಿಯೂ ಎಣಿಸಿದಳು. ಮೂವತ್ತೆಂಟು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ವಿಷಯ ಇದು."

ನನಗೆ ಚಿಕ್ಕಮ್ಮನ ಬೆರಳುಗಳು ನೆನಪಾದವು. ಆದರೂ ಒಬ್ಬರ ಕಣ್ಣು ತಪ್ಪಿರಬಹುದು ಎಂದುಕೊಂಡು ಮುಂದಿನದನ್ನು ತೆಗೆದೆ. ಒಂದು ಮಗು ದೊಡ್ಡ ದೊಡ್ಡ ಅಕ್ಷರದಲ್ಲಿ, "ಪತ್ತೇದಾರ ಅಂಕಲ್ ಸುಳ್ಳು ಹೇಳಿದರು" ಎಂದು ಬರೆದು ಕೋಟಿನ ಚಿತ್ರ ಬಿಡಿಸಿತ್ತು. ಚಿತ್ರದಲ್ಲಿ ಐದು ಗುಂಡಿ. ಒಬ್ಬ ಬಸ್ ಕಂಡಕ್ಟರ್ ರೆಕಾರ್ಡ್ ಮಾಡಿದ್ದ: "ಕಳ್ಳ ಸಿಕ್ಕಿಲ್ಲ ಸ್ವಾಮಿ. ಕೋಟು ಠಾಣೆಗೆ ಬಂದ್ಮೇಲೆ ಯಾರೋ ಗುಂಡಿ ಹೊಲಿದಿದ್ದಾರೆ. ಅವರೇ ಅಸಲಿ. ಮುಂದಿನ ವಾರ ಹೇಳ್ತೀರಲ್ಲ?" ಒಬ್ಬ ಹಲ್ಲಿನ ವೈದ್ಯೆ, ಮೂವರು ನರ್ಸುಗಳು, ತಾನು ಯಾರೆಂದು ಹೇಳದ ಒಬ್ಬರು, ಎಲ್ಲರೂ ಗುಂಡಿ, ಗುಂಡಿ, ಗುಂಡಿ.

ಪರದೆಯ ಆಚೆ ಯಂತ್ರ ಟಕಟಕ ಓಡುತ್ತಿತ್ತು. "ಏನಂತಾರೆ ನಿನ್ನ ಪ್ರಜೆಗಳು?" ಎಂದು ಚಿಕ್ಕಮ್ಮ ಕೂಗಿ ಕೇಳಿದಳು.

"ಚೆನ್ನಾಗಿತ್ತಂತೆ," ಎಂದೆ. ಪತ್ತೇದಾರನ ಹೊಸ ಮೀಸೆಯ ಬಗ್ಗೆ ಬಂದವನ್ನು ಮೇಲಿಟ್ಟು, ಗುಂಡಿಯವನ್ನು ಮಡಿಲಲ್ಲಿ ಇಟ್ಟುಕೊಂಡೆ.

ಭಾನುವಾರ ಮನೆಯಲ್ಲಿ ಎಲ್ಲವನ್ನೂ ನೆಲದ ಮೇಲೆ ಹರಡಿ ವಿಂಗಡಿಸುವುದು ರೂಢಿ. ಒಟ್ಟು ಮುನ್ನೂರ ನಲವತ್ತು. ಮೀಸೆಯ ಗುಡ್ಡೆ, ಸದ್ದು ಸರಿಯಾಗಿ ಕೇಳಲಿಲ್ಲ ಎನ್ನುವವರ ಗುಡ್ಡೆ, ಸುಮ್ಮನೆ ಶುಭಾಶಯ ಹೇಳಿದವರ ಗುಡ್ಡೆ. ಗುಂಡಿಯ ಗುಡ್ಡೆ ಮಾತ್ರ ಸೋಫಾದ ಕೆಳಗೆ ಸರಿಸಿದ್ದೆ. ಅದರಲ್ಲಿ ಇನ್ನೂರ ಹನ್ನೆರಡು ಇದ್ದವು. ಅಷ್ಟು ದೊಡ್ಡದು ಸೋಫಾದ ಕೆಳಗೆ ಎಷ್ಟು ಹೊತ್ತು ಅಡಗೀತು?

ಅಡಗಿಸಿದ್ದನ್ನು ಹೊರಗೆಳೆದದ್ದು ಒಂದು ಫೋನು. ಫೋಟೋ ಅಕ್ಕ ಮಾಡಿದ್ದಳು. ಪ್ರತಿ ದೃಶ್ಯಕ್ಕೂ ಮೊದಲು ಉಡುಪು, ಸಾಮಾನು ಎಲ್ಲದರ ಫೋಟೋ ತೆಗೆದು, ಮುಂದಿನ ದೃಶ್ಯದಲ್ಲಿ ಏನೂ ಬದಲಾಗದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ನನ್ನ ಕೈ ತುಂಬ ಕಾಗದವಿದ್ದದ್ದರಿಂದ ಅಜ್ಜಿಯೇ ಫೋನೆತ್ತಿ, ಯಾವುದೋ ಗುಂಡಿ ಒತ್ತಿ, ಮನೆಗೆಲ್ಲ ಕೇಳುವ ಹಾಗೆ ಮಾಡಿಬಿಟ್ಟಳು.

"ಸರ್ ಫೋನ್ ಮಾಡಿದ್ರು ಕಣೇ," ಎಂದಳು ಫೋಟೋ ಅಕ್ಕ. "ಅವರ ಅತ್ತಿಗೆ ಕೂಡ ಗುಂಡಿ ವಿಷಯ ಕೇಳಿದ್ರಂತೆ. ನಾಳೆ ಬಂದು ವಿವರ ಕೊಡು ಅಂದ್ರು. ಶೂಟಿಂಗ್ ದಿನ ಬೆಳಿಗ್ಗೆ ತೆಗೆದ ಫೋಟೋದಲ್ಲಿ ನಾಲ್ಕೇ ಗುಂಡಿ. ತೆರೆ ಮೇಲೆ ಐದು. ನನಗೆ ಏನೂ ತಿಳೀತಿಲ್ಲ. ಟೀ ಆದ್ಮೇಲೆ ನಾನು ಮತ್ತೆ ನೋಡ್ಲಿಲ್ಲ, ಅದು ನಿಜ. ತಪ್ಪು ನಂದೇ ಅಂತ ಒಪ್ಕೊಂಡುಬಿಡ್ತೀನಿ. ನೋಡಿಕೊಳ್ಳೋದಕ್ಕೇ ಇಟ್ಟುಕೊಂಡವಳು ನೋಡಿಕೊಳ್ಳಲಿಲ್ಲ ಅಂದ್ರೆ ಇನ್ಯಾಕೆ ಇರಬೇಕು ನಾನು?"

ಫೋನಿಟ್ಟ ಮೇಲೆ ಚಿಕ್ಕಮ್ಮ ಬಗ್ಗಿ ಸೋಫಾದ ಕೆಳಗಿನ ಗುಡ್ಡೆಯನ್ನು ಎಳೆದುಕೊಂಡಳು. ಹೆಡ್‌ಮಾಸ್ತರರದು ಓದಿದಳು. ಮಗುವಿನ ಚಿತ್ರ ನೋಡಿದಳು. ಆಮೇಲೆ ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಅದು ಬೇರೆ ಯಾರದೋ ಎನ್ನುವ ಹಾಗೆ.

"ಆ ದೃಶ್ಯ ತೆಗೆದ ದಿನ ನಮ್ಮನೆ ನಲ್ಲಿ ಸೋರ್ತಿತ್ತು, ನೆನಪಿದೆಯಾ?" ಎಂದಳು. "ಟೀ ಹೊತ್ತಲ್ಲಿ ನಲ್ಲಿ ರಿಪೇರಿಯವನ ಹತ್ತಿರ ಫೋನಲ್ಲಿ ಜಗಳ ಆಡ್ತಾ ಕೂತಿದ್ದೆ. ಮಡಿಲಲ್ಲಿ ಕೋಟಿತ್ತು. ಹೊಲಿದಿದ್ದು ನನಗೆ ನೆನಪೇ ಇಲ್ಲ ಪುಟ್ಟಿ. ಕೈಯೇ ಹೊಲಿದುಬಿಟ್ಟಿದೆ."

"ಅಷ್ಟು ಬೇಗ ಅದೇ ತರದ ಗುಂಡಿ ಎಲ್ಲಿ ಸಿಕ್ತು?" ಎಂದು ಅಜ್ಜಿ ಕೇಳಿದಳು. ಅವಳಿಗೆ ಅದೇ ಮುಖ್ಯ.

"ಹತ್ತೊಂಬತ್ತು ವರ್ಷ ಆಯ್ತಮ್ಮ. ಡಬ್ಬಿಯಿಂದ ಬೂದು ಗುಂಡಿ ತೆಗೆಯೋಕೆ ಕಣ್ಣು ಬೇಕಾ?"

ನಾನು ಎರಡು ದಿನದಿಂದ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಉಪಾಯ ಹೇಳಿದೆ. ಇನ್ನೂರ ಹನ್ನೆರಡರಲ್ಲಿ ಇಪ್ಪತ್ತಮೂರು ಜನ, ಆ ಕಂಡಕ್ಟರನ ಹಾಗೆ, ಗುಂಡಿಯನ್ನು ತಪ್ಪು ಎಂದಿರಲಿಲ್ಲ. ಅದು ಸುಳಿವು ಎಂದಿದ್ದರು. "ಅವರದ್ದನ್ನ ಹಾಳೇಲಿ ಮೊದಲು ಹಾಕ್ತೀನಿ. ಮಿಕ್ಕಿದ್ದನ್ನ ಕೊನೇಲಿ ಉಡುಪಿನಲ್ಲಿ ಸಣ್ಣ ವ್ಯತ್ಯಾಸ ಅಂತ ಒಂದು ಸಾಲು. ಜನ ಇಷ್ಟಪಟ್ಟಿದ್ದಾರೆ ಅಂದ್ರೆ ಸರ್ ಅದನ್ನೇ ಮುಂದಿನ ಕಂತಿಗೆ ಎತ್ಕೋತಾರೆ. ಬೇಕೂಂತಲೇ ಮಾಡಿದ್ದು ಅಂತಾಗುತ್ತೆ. ನಿನಗೂ ಏನೂ ಆಗಲ್ಲ."

"ಇನ್ನೂರ ಹನ್ನೆರಡರ ತಲೆ ಮೇಲೆ ಇಪ್ಪತ್ತಮೂರನ್ನ ಕೂರಿಸ್ತೀಯಾ?"

"ಕೂರಿಸಿದ್ರೆ ಏನೀಗ?" ಎಂದು ಅಜ್ಜಿ ನನ್ನ ಪರ ಬಂದಳು. "ಕಥೆ ತಿದ್ದಿದ್ರೆ ಯಾರಿಗೂ ಏನೂ ಆಗಲ್ಲ. ಇವಳು ಅಳ್ತಾಳೆ ಅಂತ ಎಷ್ಟು ಕಥೇಲಿ ರಾಕ್ಷಸನ್ನ ಸಾಯಿಸದೆ ಊರಿಗೆ ಕಳಿಸಿದೀನಿ ನಾನು."

"ಅಮ್ಮ, ನಿನ್ನ ಕಥೇಲಿ ರಾಕ್ಷಸ ಉಳಿದಿದ್ದಕ್ಕೆ ಅವನ ಬದಲು ಇನ್ನೊಬ್ಬರು ಸಾಯಲಿಲ್ಲ. ಇಲ್ಲಿ ಸರ್‌ಗೆ ಅದು ಬೇಕೂಂತ ಮಾಡಿದ್ದಲ್ಲ ಅಂತ ಗೊತ್ತು. ಫೋಟೋ ಅಕ್ಕನ ಕುತ್ತಿಗೆಗೆ ಬರುತ್ತೆ."

ನಾನು ಸೋಲದೆ, ಆ ಇಪ್ಪತ್ತಮೂರರಲ್ಲಿ ನನಗೆ ತುಂಬ ಹಿಡಿಸಿದ್ದೊಂದನ್ನು ತೆಗೆದು ಗಟ್ಟಿಯಾಗಿ ಓದಿದೆ. ವಯಸ್ಸಾದ ಹೆಂಗಸೊಬ್ಬರ ಕಾಗದ, ನೀಲಿ ಶಾಯಿಯಲ್ಲಿ. "ನಮ್ಮ ಯಜಮಾನರು ಹೋದಾಗ ಅವರ ಅಂಗಿಯ ತೋಳಿನ ಗುಂಡಿ ಇರಲಿಲ್ಲ. ಎಲ್ಲರೂ ಕಾಯುತ್ತಿದ್ದರು, ನಾನು ಸೂಜಿ ಹುಡುಕಿ ಹೊಲಿದೆ. ಆ ಕೋಟಿಗೆ ಗುಂಡಿ ಹೊಲಿದವರೂ ಅವನನ್ನು ಪ್ರೀತಿಸಿದವರೇ ಇರಬೇಕು. ಕಥೆಯಲ್ಲಿ ಅವನಿಗೊಬ್ಬಳು ತಂಗಿ ಇದ್ದಾಳಲ್ಲ. ದಯವಿಟ್ಟು ಅವಳನ್ನು ಕೊಲೆಗಾರ್ತಿ ಮಾಡಬೇಡಿ."

ಚಿಕ್ಕಮ್ಮ ಕಾಗದವನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ತಾನೇ ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಇವರಿಗೆ ಹೌದಮ್ಮ, ನಾವು ಯೋಚನೆ ಮಾಡಿಯೇ ಹೊಲಿಸಿದ್ವಿ ಅಂತ ಹೇಳೋದಾ?" ಎಂದಳು. "ನಲ್ಲಿಯವನಿಗೆ ಬೈಕೊಂಡು ಹೊಲಿದಿದ್ದು ಅದು." ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ನಿನ್ನ ಹಾಳೆ ನಿನ್ನದು, ನಾನು ಮೂಗು ತೂರಿಸಲ್ಲ" ಎಂದು ಎದ್ದು ಹೋಗಿ ಒಗೆದ ಬಟ್ಟೆ ಮಡಚತೊಡಗಿದಳು.

ಆ ಸಂಜೆ ನಾನು ಎರಡು ಹಾಳೆ ಬರೆದೆ. ಒಂದರಲ್ಲಿ ಇಪ್ಪತ್ತಮೂರು ಮೇಲಿತ್ತು, ಇನ್ನೊಂದರಲ್ಲಿ ಇನ್ನೂರ ಹನ್ನೆರಡು. ಎರಡನ್ನೂ ಚೀಲದಲ್ಲಿ ಹಾಕಿಕೊಂಡೆ. ಅಜ್ಜಿಯ ಕಥೆಗಳಲ್ಲಿ ದಾರಿ ಎರಡಾಗಿ ಒಡೆದ ಕಡೆ ಯಾವಾಗಲೂ ಒಂದು ಹಕ್ಕಿ ಕೂತು ಯಾವುದು ಸರಿ ಎಂದು ಹೇಳುತ್ತದೆ. ನಮ್ಮ ಕಿಟಕಿಯ ಆಚೆ ತಂತಿಯ ಮೇಲೆ ಎರಡು ಪಾರಿವಾಳ ಕೂತಿದ್ದವು. ಅವು ತಮ್ಮ ಪಾಡಿಗೆ ರೆಕ್ಕೆ ಕೆದರಿಕೊಳ್ಳುತ್ತಿದ್ದವು.

ಸೋಮವಾರ ಹತ್ತು ಗಂಟೆಗೆ ಕಾವಲಿನವನು ಗೇಟಿನ ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದ. ಮೂರೇ ಚೀಟಿ. ಒಂದು ಮೀಸೆಯದು. ಒಂದು ಸದ್ದಿನದು. ಮೂರನೆಯದನ್ನು ಬಿಡಿಸಿದರೆ ಗೊತ್ತಿರುವ ಅಕ್ಷರ. ಕಿರಾಣಿ ಪಟ್ಟಿಯಲ್ಲಿ, ನನ್ನ ಶಾಲೆಯ ರಜಾ ಅರ್ಜಿಗಳಲ್ಲಿ ನೋಡಿ ನೋಡಿ ಪಾಠವಾದ ಅಕ್ಷರ.

"ಶುಕ್ರವಾರದ ಕಂತು ನೋಡಿದೆ. ಚೆನ್ನಾಗಿತ್ತು. ಕೋಟಿನ ಮೂರನೆಯ ಗುಂಡಿ ಹೊಲಿದವಳು ನಾನು. ಟೀ ಬಿಡುವಿನಲ್ಲಿ ಹೊಲಿದೆ. ಫೋಟೋ ತೆಗೆಯುವವರಿಗೆ ಗೊತ್ತಿರಲಿಲ್ಲ. ಪತ್ತೇದಾರರ ಪ್ಯಾಂಟಿನ ಎಡ ಅಂಚು ಅರ್ಧ ಇಂಚು ಇಳಿದಿದೆ, ಅದು ನನ್ನ ಕೆಲಸವಲ್ಲ. ಇತಿ, ಬಟ್ಟೆ ಕೋಣೆ."

ಪರದೆಯ ಆಚೆ ಯಂತ್ರ ಓಡುತ್ತಿತ್ತು.

"ಚಿಕ್ಕಮ್ಮ, ಏನಿದು?"

"ಅಭಿಪ್ರಾಯ," ಎಂದಳು ಯಂತ್ರ ನಿಲ್ಲಿಸದೆ. "ನಾನೂ ನೋಡೋಳು ತಾನೇ?"

"ಇದನ್ನ ಹಾಕಿದ್ರೆ ಈ ಕೋಣೆ ನಿನ್ನ ಕೈ ತಪ್ಪುತ್ತೆ."

ಯಂತ್ರ ನಿಂತಿತು. "ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಜನರ ಬಟ್ಟೆ ಹೊಲಿದೆ, ಒಬ್ಬರಿಗೂ ನನ್ನ ತಪ್ಪು ತೊಡಿಸಿಲ್ಲ. ಬಂದಿದ್ದನ್ನ ಬಿಡಲ್ಲ ಅಂತ ನೀನು ಮಾತು ಕೊಟ್ಟಿದೀಯ. ಇದೂ ಬಂದಿದೆ. ಬರಿ." ಯಂತ್ರ ಮತ್ತೆ ಓಡಿತು.

ನಾನು ಚೀಲದಲ್ಲಿದ್ದ ಎರಡು ಹಾಳೆಗಳನ್ನೂ ಹರಿದು ಬುಟ್ಟಿಗೆ ಹಾಕಿದೆ. ಈ ಚೀಟಿ ಎರಡರಲ್ಲೂ ಇರಲಿಲ್ಲ. ಹೊಸ ಹಾಳೆ ತೆಗೆದು ಮೊದಲಿನಿಂದ ಬರೆದೆ. ಒಟ್ಟು ಅಭಿಪ್ರಾಯ, ಮುನ್ನೂರ ನಲವತ್ತನಾಲ್ಕು. ಗುಂಡಿ ಇತ್ತು ಎಂದವರು, ಇನ್ನೂರ ಹನ್ನೆರಡು. ಅವರಲ್ಲಿ ಅದು ಸುಳಿವೆಂದು ನಂಬಿದವರು, ಇಪ್ಪತ್ತಮೂರು. ಹೊಲಿದದ್ದು ನಾನು ಎಂದವರು, ಒಬ್ಬರು. ಆ ಸಾಲು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಆಮೇಲೆ ಮೀಸೆ, ಸದ್ದು, ಪತ್ತೇದಾರ ಊಟವನ್ನೇ ಮಾಡುವುದಿಲ್ಲ ಎಂದ ಒಬ್ಬರು. ಅವರು ಯಾರೆಂದು ಹೇಳಬೇಕಾಗಿಲ್ಲ. ಮಾತಿನಲ್ಲಿ ಹೇಳಿದ್ದೂ ಅಭಿಪ್ರಾಯವೇ.

ಹನ್ನೊಂದೂವರೆಗೆ ನಿರ್ದೇಶಕರ ಕೋಣೆಗೆ ಹೋದಾಗ ಫೋಟೋ ಅಕ್ಕ ಆಗಲೇ ಅಲ್ಲಿ ನಿಂತಿದ್ದಳು, ಆಲ್ಬಮ್ಮನ್ನು ಎದೆಗೆ ಅವಚಿಕೊಂಡು. ಮುಖ ಸಪ್ಪಗಿತ್ತು. ನಿರ್ದೇಶಕರು ನನ್ನ ಹಾಳೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ನಾಲ್ಕನೆಯ ಸಾಲಿನಲ್ಲಿ ಬೆರಳು ನಿಂತಿತು.

"ಈ ಒಬ್ಬರು ಯಾರು?"

ನಾನು ಚೀಟಿ ಕೊಟ್ಟೆ. ಓದಿದರು. ತುಟಿಯ ಒಂದು ತುದಿ ಸ್ವಲ್ಪ ಅಲುಗಿತು. ಬಹುಶಃ ಪ್ಯಾಂಟಿನ ಅಂಚಿಗೆ ಬಂದಿದ್ದರು. "ಅವರನ್ನ ಕರೀರಿ," ಎಂದರು.

ಕರೆಯಬೇಕಾಗಲಿಲ್ಲ. ಚಿಕ್ಕಮ್ಮ ಬಾಗಿಲಲ್ಲೇ ಇದ್ದಳು. ಕೊರಳಿನ ಟೇಪು ತೆಗೆದು ಸುತ್ತಿ ಕೈಯಲ್ಲಿ ಹಿಡಿದಿದ್ದಳು. ಒಳಗೆ ಬಂದು ಬಟ್ಟೆ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

"ಎರಡನೇ ಸಲ ಅಂತ ಹೇಳಿದ್ರಿ ಸರ್. ನೆನಪಿದೆ."

ಫೋಟೋ ಅಕ್ಕ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಲ್ಬಮ್ ಎದೆಯಿಂದ ಮೆಲ್ಲಗೆ ಕೆಳಗಿಳಿಯಿತು. "ಅಯ್ಯೋ, ನೀವಾ?" ಎಂದು ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತಳು. "ನನಗೆ ಹೇಳಬಾರದಿತ್ತಾ? ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ."

"ನನಗೇ ನಿನ್ನೆ ಗೊತ್ತಾಗಿದ್ದು ತಾಯಿ."

ನಿರ್ದೇಶಕರು ನಾನು ತಂದಿದ್ದ ಚೀಟಿಗಳ ಕಟ್ಟಿನಿಂದ ಹೆಡ್‌ಮಾಸ್ತರರ ಚೀಟಿಯನ್ನು ತೆಗೆದು ಓದಿದರು.

"ಈ ದೃಶ್ಯ ನಾನು ಎಡಿಟಿಂಗ್‌ನಲ್ಲಿ ನಾಲ್ಕು ಸಲ ನೋಡಿದೀನಿ," ಎಂದರು. "ಹೆಡ್‌ಮಾಸ್ತರರು ಒಂದೇ ಸಲ ನೋಡಿ ಎಣಿಸಿದ್ದಾರೆ. ಹೊಲಿದವರನ್ನ ಕಳಿಸಿದ್ರೆ, ನೋಡಬೇಕಾಗಿತ್ತು ಅಂತ ಇವರನ್ನೂ ಕಳಿಸಬೇಕು. ಆಮೇಲೆ ನನ್ನನ್ನ ಯಾರು ಕಳಿಸ್ತಾರೆ?"

ಅವರು ಬೀಗದ ಕೈಯನ್ನು ಎತ್ತಿ ಚಿಕ್ಕಮ್ಮನ ಕಡೆ ಸರಿಸಿದರು. "ಕೋಣೆ ನಿಮ್ಮದೇ. ಆದ್ರೆ ಕೇಸಿಗೆ ಬೇಕಾದ ಬಟ್ಟೆ, ಹರಿದದ್ದು, ಕಲೆ ಆದದ್ದು, ಇನ್ನು ಮೇಲೆ ಫೋಟೋದವರ ಬೀರುವಿನಲ್ಲಿರುತ್ತೆ. ಅದು ನಿಮ್ಮ ಕಣ್ಣಿಗೇ ಬೀಳಬಾರದು."

ಚಿಕ್ಕಮ್ಮ ಬೀಗದ ಕೈ ತೆಗೆದುಕೊಳ್ಳಲಿಲ್ಲ. ಅವಳ ಮುಖ ನೋಡಿದರೆ ಕೆಲಸ ಹೋಗಿದ್ದರೇ ಮೇಲಿತ್ತೇನೋ ಎನಿಸುವಂತಿತ್ತು. "ಹರಿದದ್ದು ಹಾಗೇ ಇರುತ್ತಾ ಸರ್? ಯಾವಾಗಲೂ?"

"ಕಂತಿನ ಕೆಲಸ ಪೂರ್ತಿ ಮುಗಿದ ಮೇಲೆ ಹೊಲೀರಿ."

"ಮುಗಿದ ದಿನವೇ?"

"ಮುಗಿದ ದಿನವೇ."

"ನಾನೇ ತಂದುಕೊಡ್ತೀನಿ," ಎಂದು ಫೋಟೋ ಅಕ್ಕ ಕುರ್ಚಿಯಿಂದಲೇ ಹೇಳಿದಳು. ಚಿಕ್ಕಮ್ಮ ಆಗ ಕೈ ಮುಂದೆ ಮಾಡಿದಳು.

ನಿರ್ದೇಶಕರು ಪೆನ್ನು ತೆಗೆದರು. ಸಹಿ ಮಾಡುವ ಮೊದಲು, ಹೊಲಿದದ್ದು ನಾನು ಎಂದವರು ಒಬ್ಬರು ಎನ್ನುವ ಸಾಲಿನ ಕೆಳಗೆ ತಮ್ಮ ಕೈಬರಹದಲ್ಲಿ ಒಂದು ಸಾಲು ಸೇರಿಸಿದರು: ನಾಲ್ಕು ಸಲ ನೋಡಿಯೂ ಕಾಣದವರು, ಒಬ್ಬರು. ಆಮೇಲೆ ಸಹಿ ಹಾಕಿದರು. ಒಟ್ಟು ಮುನ್ನೂರ ನಲವತ್ತನಾಲ್ಕನ್ನು ಹೊಡೆದು ಮುನ್ನೂರ ನಲವತ್ತೈದು ಮಾಡಲು ಹೇಳಿದರು. ನಾನು ಮಾಡಿದೆ.

ಹಾಳೆ ಹಿಡಿದುಕೊಂಡು ಮೆಟ್ಟಿಲಿಳಿದೆ. ಪ್ಲೈವುಡ್ಡಿನ ಠಾಣೆಯಲ್ಲಿ ಪತ್ತೇದಾರ ಮೇಜಿನ ಮೇಲೆ ಕಾಲು ಚಾಚಿ ಮಾತು ಉರುಹೊಡೆಯುತ್ತಿದ್ದ. ಎಡಗಾಲಿನ ಪ್ಯಾಂಟಿನ ಅಂಚು ನಿಜವಾಗಿಯೂ ಅರ್ಧ ಇಂಚು ಇಳಿದಿತ್ತು. ನಾನು ಫಲಕದ ಮೇಲಿದ್ದ ಹೋದ ವಾರದ ಹಾಳೆ ತೆಗೆದೆ, ಈ ವಾರದ್ದನ್ನು ನೇರವಾಗಿ ಹಿಡಿದು ನಾಲ್ಕು ಮೂಲೆಗೂ ಪಿನ್ನು ಚುಚ್ಚಿದೆ. ಹನ್ನೆರಡಕ್ಕೆ ಇನ್ನೂ ಎರಡು ನಿಮಿಷವಿತ್ತು.